ಪಾಲುನೀರಿನ ಟ್ಯಾಂಕು

ನಿಲುಗಡೆ ತಿಂಗಳ ನಲವತ್ತೊಂದನೆಯ ದಿನ, ಕ್ರಿ.ಶ. 2219
ಹೊಸಪೇಟೆಯ ಹೊರಬಯಲು

ಹುಲಿಗೆವ್ವಜ್ಜಿ,

ನಿನ್ನ ಮರಿಮಗನ ಮರಿಮಗ ಅಂಬಣ್ಣ ಬರೆಯುತ್ತಿದ್ದೇನೆ. ಮೇಲಿನ ತಾರೀಖು ಕಂಡು ನಿನಗೆ ನಗು ಬಂದೀತು. ಬಿಸಿಲೇರಿ ಡಾಂಬರು ಕರಗಿದಾಗ ನಮ್ಮ ಬಂಡಿಗಳೆಲ್ಲ ನಿಂತುಬಿಡುತ್ತವೆ. ರಸ್ತೆ ಗಟ್ಟಿಯಾಗುವ ತನಕ ಆ ತಿಂಗಳು ಮುಗಿಯುವುದಿಲ್ಲ, ಅದಕ್ಕೇ ನಿಲುಗಡೆ ತಿಂಗಳು. ನಮ್ಮ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಿಮ್ಮವರು ರಜೆಯಲ್ಲಿ ಬಾಡಿಗೆಗೆ ತರುತ್ತಿದ್ದ ಮೋಟಾರ್‌ಹೋಮನ್ನು ನಾವು ಮನೆಬಂಡಿ ಎನ್ನುತ್ತೇವೆ. ನಮಗೆ ಬೇರೆ ಮನೆಯಿಲ್ಲ. ಹೆರಿಗೆ, ಮದುವೆ, ಜಗಳ ಎಲ್ಲ ಅದರೊಳಗೇ.

ಹೊರಡುವ ದಿನ ಮೊದಲು ಸುತ್ತುನೋಟ. ಅಂದರೆ ಓಡಿಸುವವರು ಬಂಡಿಯನ್ನು ಒಂದು ಸುತ್ತು ಬಂದು ಪ್ರತಿ ಟೈರನ್ನೂ ಕೈಯಿಂದ ಮುಟ್ಟಿ ನೋಡಬೇಕು. ಒಳಗೆ ರುಬ್ಬುವ ಕಲ್ಲು, ಜೋಳದ ಚೀಲಗಳು ನೆಲಕ್ಕಿಳಿಯಬೇಕು, ಕಪಾಟಿಗೆ ಚಿಲಕ, ಗ್ಯಾಸು ಬಂದ್. ಎಲ್ಲರೂ ಬೆಲ್ಟು ಬಿಗಿದು ಕೂತ ಮೇಲೆಯೇ ಚಕ್ರ ಉರುಳುತ್ತದೆ. ಇಳಿಜಾರಿನಲ್ಲಿ ಬ್ರೇಕು ಸುಡದೆ ಗೇರಿನಲ್ಲೇ ಇಳಿಯುವುದನ್ನು ನಮ್ಮ ಮಕ್ಕಳು ಹನ್ನೆರಡು ವರ್ಷಕ್ಕೇ ಬಾಯಿಪಾಠ ಹೇಳುತ್ತಾರೆ. ಇಷ್ಟೆಲ್ಲ ಜಾಗ್ರತೆಯ ಜನ ನಾವು.

ಆದರೆ ನೀನು ಹಾಕಿಕೊಟ್ಟ ಪದ್ಧತಿಯೊಂದಿದೆಯಲ್ಲ, ಪಾಲುನೀರು! ಬಿಡಾರ ಬಿಟ್ಟು ಹೊರಡುವವರು ಟ್ಯಾಂಕಿನ ಅರ್ಧ ನೀರನ್ನು ಉಳಿದವರ ಕೊಡಗಳಿಗೆ ಬಿಡಬೇಕು. ಕೊಟ್ಟವರೂ ಬಾಯಾರಬಾರದು, ಪಡೆದವರೂ ಬಾಯಾರಬಾರದು ಎಂದು ನೀನು ಹೇಳಿದ್ದೆಯಂತೆ. ಅದನ್ನು ದೇವರ ಮಾತೆಂಬಂತೆ ನಡೆಸಿಕೊಂಡು ಬಂದೆವು. ನಿನ್ನ ಬಂಡಿಯ ಟ್ಯಾಂಕು ನೂರು ಲೀಟರಿನದು. ನಮ್ಮದು ಸಾವಿರದ್ದು, ಬಂಡಿಯ ಅಗಲಕ್ಕೂ ಅಡ್ಡಡ್ಡ ಮಲಗಿದ್ದು. ತುಂಬಿದರೆ ನೀರಿಗೆ ಅಲುಗಾಡಲು ಜಾಗವಿಲ್ಲ, ಬರಿದಾದರೆ ತೂಕವಿಲ್ಲ. ಅರ್ಧವಾದರೆ ಮಾತ್ರ ತಿರುವಿನಲ್ಲಿ ಅಷ್ಟೂ ನೀರು ಒಂದೇ ಬದಿಗೆ ನುಗ್ಗಿ ಬಂಡಿಯನ್ನೇ ಎಳೆಯುತ್ತದೆ.

ನನ್ನ ಹಿರಿಮಗಳು ಪಂಪಕ್ಕನಿಗೆ ಇದು ಗೊತ್ತಿತ್ತು. ಎರಡು ವರ್ಷದ ಹಿಂದೆ ಇದೇ ಬಯಲಿನಲ್ಲಿ ಪಾಲುನೀರು ಬಿಟ್ಟು ನಾನು ನಲ್ಲಿ ಮುಚ್ಚುವಾಗ ಅಡ್ಡ ಬಂದಳು. "ಅಪ್ಪಾ, ಕೊಟ್ರ ಪೂರಾ ಕೊಡು, ಇಲ್ಲಾಂದ್ರ ಕೊಡಲೇಬ್ಯಾಡ. ಅರ್ಧ ನೀರು ಇಟ್ಕೊಂಡು ಘಾಟಿ ಇಳಿಯೂದು ಬ್ಯಾಡ" ಎಂದಳು. ಕೊಡ ಹಿಡಿದು ನಿಂತ ಅಷ್ಟು ಜನರ ಎದುರು ನನಗೆ ಅವಮಾನವಾಯಿತು. "ಹುಲಿಗೆವ್ವನಿಗಿಂತ ಶಾಣ್ಯಾ ಆದೇನು ನೀ? ಸುಮ್ನ ಹತ್ತಿ ಕುಂದ್ರು" ಎಂದು ಗದರಿದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ! ಅವಳು ಹತ್ತಿ ನನ್ನ ಎಡಕ್ಕೆ ಕೂತು ಬೆಲ್ಟು ಬಿಗಿದಳು.

ಸಂಡೂರಿನ ಘಾಟಿಯ ಮೂರನೆಯ ತಿರುವಿನಲ್ಲಿ ಬೆನ್ನ ಹಿಂದೆ ನೀರು ಹೊರಳುವ ಸದ್ದು ಕೇಳಿತು. ನನ್ನ ವೇಗವೂ ತುಸು ಹೆಚ್ಚಿತ್ತು, ಸುಳ್ಳು ಹೇಳಲಾರೆ. "ಅಪ್ಪಾ, ತೂಗಾಡಾಕತ್ತೈತಿ" ಎಂದಳು. ಅಷ್ಟೇ. ಬಂಡಿ ಎಡಕ್ಕೆ ಮಗುಚಿತು. ನನ್ನ ಕೈಗೆ ಮೂರು ಹೊಲಿಗೆ ಬಿದ್ದವು. ಹತ್ತೊಂಬತ್ತರ ಹುಡುಗಿ ನಾನು ನೋಡುತ್ತಿದ್ದಂತೆಯೇ ಹೋಗಿಬಿಟ್ಟಳು.

ಅಜ್ಜಿ, ನಿನ್ನ ಮೇಲೆ ಸಿಟ್ಟಿದೆ. ಆದರೆ ನೀನು ನೂರು ಲೀಟರಿಗೆ ಹೇಳಿದ ಮಾತನ್ನು ಸಾವಿರಕ್ಕೂ ಹಿಡಿದು ಕೂತವರು ನಾವು. ಈ ಕಾಗದ ಹೇಗೋ ನಿನ್ನ ಕೈ ಸೇರಿದರೆ ಅರ್ಧ ಎಂಬ ಆ ಒಂದು ಮಾತನ್ನು ಹೇಳದೇ ಇರು. ಸೇರಲಾರದೆಂದು ನನಗೂ ಗೊತ್ತು.

ನಾಳೆ ರಸ್ತೆ ತೆರೆಯುತ್ತದೆ. ಕಿರಿಮಗಳು ಕೊಟ್ರಮ್ಮ ಮೊದಲ ಸಲ ಅದೇ ಘಾಟಿ ಇಳಿಸುತ್ತಾಳೆ. ಪಾಲು ಅರ್ಧವೇ ಇರಬೇಕೆಂದು ಹಿರಿಯರು ಹೇಳಿ ಕಳಿಸಿದ್ದಾರೆ, ಮುರಿದರೆ ಬಿಡಾರದಿಂದ ಹೊರಗಂತೆ. ಹಾಕಲಿ. ಕುಡಿಯಲು ಒಂದು ಕ್ಯಾನು ಕಟ್ಟಿಟ್ಟುಕೊಂಡಿದ್ದೇನೆ. ನಾಳೆ ಟ್ಯಾಂಕಿನ ಕೊನೆಯ ಹನಿ ಬೀಳುವ ತನಕ ನಾನು ನಲ್ಲಿಗೆ ಕೈ ಹಚ್ಚುವುದಿಲ್ಲ. ಅಷ್ಟೂ ಜನರ ಎದುರಿಗೇ ಹೇಳುತ್ತೇನೆ, ಇದು ಪಂಪಕ್ಕನ ಮಾತು ಎಂದು.

ನಿನ್ನ ಕುಡಿ,
ಅಂಬಣ್ಣ