ಕಂಟ್ರೋಲರ್ ಕೊಳ್ಳುವ ಮೊದಲು

ಹದಿನಾಲ್ಕನೇ ತಾರೀಕು
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಲಕೋಟೆಯ ಮೇಲಿನ ಅಕ್ಷರ ನೋಡಿ ಬೇರೆ ಯಾರದೋ ಅಂದುಕೊಂಡೆ. ಎಡಗೈಯಲ್ಲಿ ಇಷ್ಟು ದುಂಡಗೆ ಬರೆಯುವುದನ್ನು ಯಾವಾಗ ಕಲಿತೆ ಮಾರಾಯ? ಅಪ್ಪ ತೀರಿಕೊಂಡ ದಿನ ಬಂದು, ಬಲಗೈಯನ್ನು ಜೇಬಿನಿಂದ ತೆಗೆಯದೆ ಬಾಗಿಲಲ್ಲೇ ನಿಂತು ಹೊರಟುಹೋದವನು ನೀನು. ಹನ್ನೊಂದು ತಿಂಗಳಾದ ಮೇಲೆ ಬರೆದಿದ್ದೀಯ, ಅದರಲ್ಲಿ ಹೇಗಿದ್ದೀಯ ಅಂತ ಒಂದೇ ಸಾಲು, ಮಿಕ್ಕಿದ್ದೆಲ್ಲ ಮರ ಕೆತ್ತುವ ಯಂತ್ರದ ಸಮಾಚಾರ. ಮತ್ತೆ ಒಂದು ಚಿಕ್ಕ ಯಂತ್ರ ಕಟ್ಟುತ್ತಿದ್ದೀಯಂತೆ. ಕುಂಚ ಹಿಡಿದು ಬೋರ್ಡು ಬರೆಯಲಾಗದ ಮೇಲೆ, ಅಕ್ಷರವನ್ನು ಯಂತ್ರದ ಕೈಯಲ್ಲಾದರೂ ಕೆತ್ತಿಸುತ್ತೀಯಂತೆ. ಚೌಕಟ್ಟು, ಮೋಟಾರು ಎಲ್ಲ ಆಗಿದೆ, ಅವನ್ನು ನಡೆಸುವ ಕಂಟ್ರೋಲರ್ ಎಂಥದ್ದು ತರಲಿ, ಅದರಲ್ಲಿ ಏನೇನಿರಬೇಕು, ವೈರಿಂಗ್ ನಿನ್ನದೇ ಕಸುಬು ತಾನೇ ಅಂತ ಕೇಳಿದ್ದೀಯ. ಓದಿ ಮೊದಲು ನಗು ಬಂತು, ಆಮೇಲೆ ನನ್ನ ಅಂಗಡಿಯ ಹಿಂದೆ ಹೋಗಿ ಅತ್ತುಬಿಟ್ಟೆ.

ಸರಿ, ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಡಬ್ಬಿಯ ಮೇಲಿನ ಚಿತ್ರ ನೋಡಿ ಮರುಳಾಗಬೇಡ, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಬಣ್ಣದ ದೊಡ್ಡ ಪರದೆ ಇದ್ದರೆ ಇರಲಿ, ಇಲ್ಲದಿದ್ದರೆ ನಷ್ಟವಿಲ್ಲ. ಕಂಪ್ಯೂಟರಿನ ಹಂಗಿಲ್ಲದೆ ತಾನೇ ಓಡುವಂಥದ್ದು ತಗೋ, ಕೆಲಸವನ್ನು ಕಾರ್ಡಿಗೆ ಹಾಕಿ ಸಿಕ್ಕಿಸಿದರೆ ಸಾಕು ಅನ್ನುವಂಥದ್ದು. ಅಪ್ಪ, ನೀನು, ನಾನು ಸೇರಿ ಕಟ್ಟಿದ್ದ ಯಂತ್ರದ ಹಳೇ ಕಂಪ್ಯೂಟರು ಅರ್ಧ ಅಕ್ಷರ ಕೆತ್ತುವಾಗ ತನ್ನಷ್ಟಕ್ಕೆ ತಾನು ಮಲಗಿಬಿಟ್ಟು, ಕೆತ್ತುವ ಬಿಟ್ ಒಂದೇ ಕಡೆ ತಿರುಗಿ ಕೋಣೆಯೆಲ್ಲ ಹೊಗೆಯಾಗಿದ್ದು ನಿನಗೆ ಮರೆತಿರಲಾರದು. ಕರೆಂಟು ಹೋಗಿ ಬಂದರೂ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದು ಅದಕ್ಕೆ ನೆನಪಿರಬೇಕು. ಕೈಯಲ್ಲಿ ಹಿಡಿಯುವ ಚಕ್ರದ ಪೆಟ್ಟಿಗೆಯೊಂದು ಇರುತ್ತದೆ, ಒಂದು ಹಲ್ಲು ತಿರುಗಿಸಿದರೆ ಬಿಟ್ ಕೂದಲೆಳೆಯಷ್ಟು ಸರಿಯುತ್ತದೆ. ಅದನ್ನು ಅಂಗಡಿಯಲ್ಲೇ ಎಡಗೈಯಲ್ಲಿ ಹಿಡಿದು ನೋಡು. ಅವನ್ನೆಲ್ಲ ಬಲಗೈಯವರಿಗೆಂದೇ ಮಾಡಿರುತ್ತಾರೆ.

ಇನ್ನು, ಶುರು ಮಾಡಿದ ಕೂಡಲೇ ಮೂಲೆಗೆ ಹೋಗಿ, ಅಲ್ಲಿನ ಸ್ವಿಚ್ಚು ಮುಟ್ಟಿ, ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುವ ಬುದ್ಧಿ ಅದಕ್ಕಿರಬೇಕು. ಮೇಜಿನ ಅಂಚು ಎಲ್ಲಿ ಅಂತಲೂ ಗೊತ್ತಿರಬೇಕು. ನಮ್ಮದಕ್ಕೆ ಗೊತ್ತಿರಲಿಲ್ಲ. ಮೊದಲನೇ ವಾರವೇ ಹಲಗೆ ದಾಟಿ ಮೇಜನ್ನೂ ಕೆತ್ತಿತ್ತಲ್ಲ, ಮೂವತ್ತು ವರ್ಷ ಎರಕದ ಕಾರ್ಖಾನೆಗೆ ಮರದ ಅಚ್ಚು ಮಾಡಿದ ಅಪ್ಪ ಹೆಬ್ಬೆರಳಲ್ಲಿ ಆ ಗಾಯ ಸವರಿ, ಪಾಪ, ಮೇಜಿಗೂ ಒಂದು ಹೆಸರು ಬೇಡವೇ ಅಂದಿದ್ದರು. ನೀನು ನೆಲದ ಮೇಲೆ ಕೂತು ನಕ್ಕಿದ್ದೆ. ನಾವು ಮೂವರೂ ಸುಖವಾಗಿದ್ದ ಕಾಲ ಅದು. ಆಗ ನನಗದು ತಿಳಿಯಲಿಲ್ಲ.

ನೋಡು, ಬರೆಯಬೇಕಾದದ್ದನ್ನು ಬಿಟ್ಟು ಬೇರೆಲ್ಲ ಬರೆಯುತ್ತಿದ್ದೇನೆ. ಎರಡು ಮಾತು ಉಳಿದಿವೆ, ಎರಡೂ ನುಂಗಲಾರದ ತುತ್ತು.

ಒಂದು, ಸ್ವಿಚ್ಚುಗಳಿಂದ ಬರುವ ತಂತಿಗಳಿಗೆ ಒಳ್ಳೆಯ ರಕ್ಷಣೆ ಇರುವ ಕಂಟ್ರೋಲರ್ ಆಗಬೇಕು. ಇಲ್ಲದಿದ್ದರೆ ಪಕ್ಕದಲ್ಲಿ ಬೇರೆ ಮೋಟಾರು ಓಡಿದರೂ ಅದರ ಗಲಾಟೆಯನ್ನು ಇದು ಯಾರೋ ನಿಲ್ಲಿಸು ಅಂದಂತೆ ತಿಳಿಯುತ್ತದೆ. ನಮ್ಮದರಲ್ಲಿ ಆ ರಕ್ಷಣೆ ಇರಲಿಲ್ಲ. ಆಸ್ಪತ್ರೆಯ ಬಾಗಿಲುಗಳಿಗೆ ನಲವತ್ತು ಫಲಕ ಕೆತ್ತಲು ಒಪ್ಪಿಕೊಂಡಿದ್ದೆವಲ್ಲ, ಆ ವಾರ ಪುಡಿ ಎಳೆಯುವ ವ್ಯಾಕ್ಯೂಮ್ ಹಾಕಿದಾಗಲೆಲ್ಲ ಯಂತ್ರ ನಡುವೆ ನಿಂತುಬಿಡುತ್ತಿತ್ತು. ಒಂಬತ್ತು ಫಲಕ ಹಾಳಾದವು. ನೀನು ನನ್ನ ಮೇಲೆ ರೇಗಿದೆ, ನಿನ್ನ ಬೆಸುಗೆಗಿಂತ ಅಂಟು ಹಾಕಿದ್ದರೆ ವಾಸಿಯಿತ್ತು ಅಂದೆ. ತಪ್ಪು, ಯಂತ್ರವನ್ನು ತಟ್ಟನೆ ನಿಲ್ಲಿಸುವ ಕೆಂಪು ಗುಂಡಿಯ ಉದ್ದದ ತಂತಿಯಲ್ಲಿದೆ ಅಂತ ನನಗೆ ಗೊತ್ತಾಯಿತು. ಹೊದಿಕೆಯಿರುವ ತಂತಿ ತರಬೇಕಿತ್ತು, ಅದು ಬರಲು ಎರಡು ದಿನ. ನಿನ್ನ ಮಾತು ಮನಸ್ಸಿಗೆ ನಾಟಿತ್ತು. ಬೆರಳುದ್ದದ ತಂತಿಯ ತುಂಡೊಂದನ್ನು ಬಾಗಿಸಿ, ಕಂಟ್ರೋಲರಿನ ಹತ್ತಿರ ಗುಂಡಿಯ ತಂತಿಯ ಎರಡು ತುದಿಗಳ ನಡುವೆ ಸಿಕ್ಕಿಸಿದೆ. ಆಮೇಲೆ ಯಂತ್ರ ನಡುವೆ ನಿಲ್ಲಲೇ ಇಲ್ಲ. ಅಕ್ಕ ಅಂದರೆ ಅಕ್ಕ ಅಂತ ನೀನು ಬೆನ್ನು ತಟ್ಟಿದೆ. ಗುಂಡಿಯೂ ಸತ್ತುಹೋಗಿದೆ ಅನ್ನುವುದನ್ನು ನಾನು ಹೇಳಲಿಲ್ಲ. ಎರಡು ದಿನದ ಮಟ್ಟಿಗೆ ತಾನೇ ಅಂದುಕೊಂಡೆ. ಹೇಳಿದ್ದರೆ ನೀವಿಬ್ಬರೂ ಕೆಲಸ ನಿಲ್ಲಿಸುತ್ತಿದ್ದಿರಿ, ಹೊಗಳಿಕೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಮಾರನೇ ದಿನ ಬಿಟ್ ಬದಲಾಯಿಸಲು ಯಂತ್ರ ನಿಂತಿತ್ತು. ಬದಲಾಯಿಸಿ ನೀನು ಆಯ್ತು ಅಂತ ಕೂಗಿದೆ. ಆಮೇಲೆ ಹಲಗೆಯನ್ನು ಬಿಗಿಹಿಡಿಯುವ ಹಿಡಿಕೆಯ ಕೆಳಗೆ ಮರದ ಚೂರು ಸಿಕ್ಕಿದ್ದು ಕಂಡು, ನಮ್ಮ ಮನೆಯ ನಿಯಮದಂತೆ ಮೊದಲು ಕೆಂಪು ಗುಂಡಿ ಒತ್ತಿ, ಆಮೇಲೆಯೇ ಕೈ ಹಾಕಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಪರದೆಯ ಮುಂದೆ ಕೂತಿದ್ದರು. ಆಯ್ತು ಅನ್ನುವ ಮಾತು ಕೇಳಿ ಮುಂದುವರಿಸು ಅಂತ ಒತ್ತಿದರು. ಗುಂಡಿ ಬದುಕಿದ್ದರೆ, ಒತ್ತಿದ್ದನ್ನು ತಿರುಗಿಸಿ ಬಿಡಿಸುವ ತನಕ ಯಂತ್ರ ಅವರ ಮಾತು ಕೇಳುತ್ತಿರಲಿಲ್ಲ.

ನೀನು ಒತ್ತಿದ್ದೆ, ತಮ್ಮಾ. ಅಪ್ಪ ಆ ಗುಂಡಿಯನ್ನು ತಿರುಗಿಸಿ ಬಿಡಿಸಿರಲಿಲ್ಲ. ನಿನ್ನ ಎರಡು ಬೆರಳು ಹೋದದ್ದು ನನ್ನಿಂದ. ಮಾರನೇ ಬೆಳಿಗ್ಗೆ ಆಸ್ಪತ್ರೆಯಲ್ಲಿ ನೀನು, ಗುಂಡಿ ಬಿಡಿಸಿದ್ದು ನೀವೇ ತಾನೇ ಅಂತ ಅಪ್ಪನನ್ನು ಕೇಳಿದಾಗ ಅವರು ಹೌದು, ನಾನೇ, ನೋಡಲಿಲ್ಲ ಅಂದರು. ಗಾಬರಿಯಲ್ಲಿ ಹಾಗೇ ಅನ್ನಿಸಿರಬೇಕು ಅವರಿಗೆ. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆವತ್ತು ಹೇಳದ್ದನ್ನು ಮಾರನೇ ದಿನ ಹೇಳುವುದು ಇನ್ನೂ ಕಷ್ಟವಾಯಿತು. ಹೀಗೇ ನಾಲ್ಕು ವರ್ಷ ಕಳೆಯಿತು.

ಆ ನಾಲ್ಕು ವರ್ಷ, ಅಪ್ಪ ತೀರಿಕೊಳ್ಳುವವರೆಗೂ, ನೀನು ಅವರ ಜೊತೆ ಮಾತಾಡಲಿಲ್ಲ. ಅವರು ಕಳಿಸಿದ ಪೊಟ್ಟಣವನ್ನು ಬಿಚ್ಚದೆ ವಾಪಸು ಕಳಿಸಿದೆಯಲ್ಲ, ಅದರಲ್ಲಿ ಕುಂಚದ ಹಿಡಿ ಇತ್ತು. ಹೆಬ್ಬೆರಳು ಮತ್ತು ಕೊನೆಯ ಎರಡು ಬೆರಳಲ್ಲಿ ಹಿಡಿಯಲು ಬರುವಂತೆ ಮರದಲ್ಲಿ ಕೆತ್ತಿದ್ದರು. ಎರಡು ಬೆರಳು ಮಡಚಿ ದಾರ ಕಟ್ಟಿಕೊಂಡು ತಾವೇ ಬರೆದು ನೋಡುತ್ತಿದ್ದರು, ಸರಿಬರದಿದ್ದರೆ ಇನ್ನೊಂದು ಕೆತ್ತುತ್ತಿದ್ದರು. ಅಪ್ಪಾ, ಊಟ ಆರುತ್ತಿದೆ ಅಂದರೆ ಕೇಳಿಸದವರಂತೆ ಇರುತ್ತಿದ್ದರು.

ಎರಡನೇ ಮಾತು ಇದು. ನಿಲ್ಲಿಸುವ ಗುಂಡಿ ಕಂಟ್ರೋಲರನ್ನು ಕೇಳಿಕೊಂಡು ನಿಲ್ಲಿಸುವಂತಿರಬಾರದು, ಮೋಟಾರಿನ ಕರೆಂಟನ್ನು ನೇರವಾಗಿ ಕಡಿಯಬೇಕು. ದಿನಾ ಕೆಲಸಕ್ಕೆ ಮೊದಲು ಒಮ್ಮೆ ಒತ್ತಿ ನೋಡು. ಯಾರು ಜೋಡಿಸಿದ್ದರೂ ಸರಿ, ಒಡಹುಟ್ಟಿದವರೇ ಜೋಡಿಸಿದ್ದರೂ ಸರಿ, ನಂಬಬೇಡ.

ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ. ನನಗೂ ಬರೆಯುವುದು ಬಿಟ್ಟರೆ ಅದು ನ್ಯಾಯವೇ. ನಿನ್ನ ಯಂತ್ರ ಮಾತ್ರ ನಿಲ್ಲಿಸಬೇಡ.

ಇಂತಿ,
ನಿನ್ನ ಅಕ್ಕ

ಮರೆತ ಮಾತಲ್ಲ, ಮುಚ್ಚಿಟ್ಟದ್ದು: ಮೇಲೆ ಗಾಬರಿಯಲ್ಲಿ ಅಂತ ಬರೆದದ್ದು ಸುಳ್ಳು. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ ಸಂಜೆ ನಾನು ಆ ತಂತಿ ತೆಗೆಯಲೆಂದು ಮನೆಗೆ ಓಡಿದೆ. ಅದು ಅಲ್ಲಿರಲಿಲ್ಲ. ಮಧ್ಯಾಹ್ನ ನಿನ್ನ ಬಟ್ಟೆ ತರಲು ಬಂದಿದ್ದವರು ಅಪ್ಪ ಒಬ್ಬರೇ. ಮಾರನೇ ಬೆಳಿಗ್ಗೆ ಹೌದು, ನಾನೇ ಅಂದಾಗ ಅವರು ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅವರ ಕೊನೆಯ ವಾರ ಕಾಲು ಒತ್ತುತ್ತಾ, ಅಪ್ಪಾ, ಆ ತಂತಿ ಅಂತ ಶುರು ಮಾಡಿದೆ. ಸುಮ್ಮನಿರು ಅಂದರು. ಅವನ ಸಿಟ್ಟು ನನ್ನ ಮೇಲಿದ್ದರೆ ನನ್ನ ಜೊತೆಗೇ ಹೋಗುತ್ತದೆ, ನಿನ್ನ ಮೇಲೆ ಬಂದರೆ ನಾನು ಹೋದ ಮೇಲೆ ನಿಮಗೆ ಯಾರಿದ್ದಾರೆ ಅಂದರು. ಅವರು ಎಣಿಸಿದ ಹಾಗೆಯೇ ನೀನು ನನಗೆ ಕಾಗದ ಬರೆದೆ. ಅದನ್ನು ಕೆಡಿಸುತ್ತಿದ್ದೇನೆ ಅಂತ ಗೊತ್ತಿದ್ದೂ ಇಷ್ಟು ಬರೆದೆ. ನಿನ್ನ ಸಿಟ್ಟು ಅಪ್ಪನ ಮೇಲೆ ಇನ್ನು ಒಂದು ದಿನವೂ ಇರಬಾರದು.