ಹಾಸಿಗೆ ಇದ್ದಷ್ಟು

ಫೆಬ್ರವರಿ 9, ರಾತ್ರಿ

ಇವತ್ತಿಗೆ ಹನ್ನೊಂದು ದಿನ. ನಾಯಿ ಇನ್ನೂ ಮುದುಡಿಕೊಂಡೇ ಮಲಗುತ್ತದೆ.

ನಾಯಿಗಳ ಆಶ್ರಯದಿಂದ ತಂದ ದಿನ ಅತ್ತೆ ಬಾಗಿಲಲ್ಲೇ, "ನಾಯಿ ಅಂತ ಹೇಳಿ ಕೋಣಾನೇ ತಂದಿದ್ದೀರಲ್ಲಾ!" ಅಂದಿದ್ದರು. ಅದೇ ಹೆಸರಾಯಿತು. ಹಾಸಿಗೆ ಹೊಲಿಯುವವಳ ಮನೆಯ ನಾಯಿ ನೆಲದ ಮೇಲೆ ಮಲಗಬಾರದೆಂದು ಜೋಡಿ ಮಂಚದ ಅಳತೆಗೆ ಹತ್ತಿ ತುಂಬಿ ಹೊಲಿದುಕೊಟ್ಟೆ. ಕೋಣ ಅದರ ಒಂದು ಮೂಲೆಯಲ್ಲಿ, ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು, ಆಶ್ರಯದ ಹಳೆಯ ಪಂಜರದಷ್ಟೇ ಜಾಗದಲ್ಲಿ ಮಲಗುತ್ತಾನೆ. ಇಲ್ಲದ ಸರಳುಗಳು ಅವನಿಗೆ ಮಾತ್ರ ಕಾಣುತ್ತವೆ.

ಸಂಜೆ ಅತ್ತೆ ಕುರ್ಚಿ ಎಳೆದುಕೊಂಡು ಅವನೆದುರು ಕೂತು ಬೈದರು: "ನಮಗೆಲ್ಲ ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತಾರೆ. ನೀನು ಇದ್ದಷ್ಟಾದ್ರೂ ಚಾಚೋ, ದಡ್ಡ!"

ಹದಿನೈದನೇ ದಿನ ಆಶ್ರಯದವರು ನೋಡಲು ಬರುತ್ತಾರೆ. ಒಗ್ಗಿಲ್ಲವೆನಿಸಿದರೆ ವಾಪಸ್ ಕರೆದೊಯ್ಯುತ್ತಾರೆ. ಅತ್ತೆಗೆ ಅದೇ ಸಂಕಟ. ಬಾಯಿಬಿಟ್ಟು ಹೇಳುವವರಲ್ಲ.

ಈಗ ಎಲ್ಲರೂ ಮಲಗಿದ್ದಾರೆ. ನಾನು ಅವನ ಹಾಸಿಗೆಗೆ ಒರಗಿ ನೆಲದ ಮೇಲೆ ಕೂತಿದ್ದೇನೆ. ಕಿಟಕಿಯ ಬೆಳಕು ನೆಲದ ತುಂಬ ನೀರಿನಂತೆ ಹರಡಿದೆ, ಹಾಸಿಗೆ ಮೆಲ್ಲಗೆ ತೇಲುತ್ತಿದೆಯೇನೋ ಅನಿಸುತ್ತದೆ. ಕೋಣ ಕನಸಿನಲ್ಲಿ ಓಡುತ್ತಿದ್ದಾನೆ, ಪಾದಗಳು ಅದುರುತ್ತಿವೆ. ಅವನು ಓಡುವ ಕಡೆ ಗೋಡೆಗಳಿಲ್ಲವೆಂದು ಕಾಣುತ್ತದೆ. ಒಂದು ಕಾಲು ನಿಧಾನಕ್ಕೆ ಚಾಚಿಕೊಂಡಿತು. ಆಮೇಲೆ ಇನ್ನೊಂದು. ಅದು ಹಾಸಿಗೆಯನ್ನೂ ದಾಟಿ ನನ್ನ ತೊಡೆಯ ಮೇಲೆ ಬಂತು, ಬೆಚ್ಚಗೆ, ಭಾರವಾಗಿ.

ನನ್ನ ಕಾಲು ಜೋಮು ಹಿಡಿದಿದೆ. ಅತ್ತೆಯನ್ನು ಎಬ್ಬಿಸಿ ತೋರಿಸಬೇಕು. ಆದರೆ ಎದ್ದರೆ ಅವನು ಮತ್ತೆ ಮುದುಡಿಕೊಂಡಾನು.