ಒಮ್ಮೆ ಮಾತ್ರ ಅಂದ ‘ಹೋಗ್ರಿ’

ನನ್ನ ಹಿರಿಯರಾದ ಹವಾಲ್ದಾರ ದ್ಯಾಮಣ್ಣನವರೇ,

ಹೀಗೆ ಕರೆದರೆ ನೀವು ಓಗೊಡುವುದಿಲ್ಲ, ಬೇರೆ ಯಾರನ್ನೋ ಕರೆದರೆಂದು ಸುಮ್ಮನಿರುತ್ತೀರಿ. ಹದಿನಾಲ್ಕು ತಿಂಗಳು ನಿಮ್ಮನ್ನು ‘ಲೇ ದ್ಯಾಮ್ಯಾ’ ಎಂದ ಬಾಯಿ ಇದು. ಇವತ್ತು ಕಾಗದದ ಮೇಲೆ ‘ನೀವು’ ಎನ್ನುತ್ತಿದೆ. ಸತ್ತವರಿಗೆ ಮರ್ಯಾದೆ ಕೊಡುವುದು ಸುಲಭ. ಅದರಿಂದ ನಮ್ಮಂಥವರ ಜಗಲಿಯ ಒಂದು ಕಲ್ಲೂ ಅಲುಗುವುದಿಲ್ಲ.

ಮೊದಲ ದಿನ ನೆನಪಿದೆಯೇ? ಧಾರವಾಡದ ಕಾಲೇಜಿನಿಂದ ನೇರ ಸೈನ್ಯ ಸೇರಿ, ಹೆಗಲ ಮೇಲೆ ಒಂದೇ ಒಂದು ನಕ್ಷತ್ರ ಹೊತ್ತು ನಿಮ್ಮ ತುಕಡಿಗೆ ಅಧಿಕಾರಿಯಾಗಿ ಬಂದಿದ್ದೆ. ನನಗೆ ಇಪ್ಪತ್ತೆರಡು ವಯಸ್ಸು. ನಿಮಗೆ ಹದಿನೆಂಟು ವರ್ಷದ ನೌಕರಿ, ತೋಳಿನ ಮೇಲೆ ಮೂರು ಪಟ್ಟಿ. ನೀವು ಸೆಲ್ಯೂಟು ಹೊಡೆದಿರಿ. ನಾನು ಕೇಳಿದ್ದು, ಯಾವೂರಲೇ ನಿಂದು? ಹಿರೇಕೆರೂರು ಕಡೆಯ ಮಾಸೂರು ಎಂದಿರಿ. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಿಮ್ಮ ಅಪ್ಪ ಕೂಲಿ ಮಾಡುತ್ತಿದ್ದರೆಂದಿರಿ. ನನಗೆ ಅಷ್ಟು ಸಾಕಾಯಿತು. ಹತ್ತಿಮತ್ತೂರಿನ ನಮ್ಮ ವಾಡೆಯಲ್ಲಿ ತಲೆ ನರೆತ ಆಳಿಗೂ ಏಕವಚನವೇ. ನಮ್ಮ ಇಂಗ್ಲಿಷ್ ಮೇಜರ್ ಕೂಡ ನಿಮ್ಮನ್ನು ಹುದ್ದೆ ಹಿಡಿದು ‘ಹವಾಲ್ದಾರ್’ ಎನ್ನುತ್ತಿದ್ದ. ಪರದೇಶದವನಿಗೆ ತಿಳಿದದ್ದು ನಿಮ್ಮ ಮಾತನ್ನೇ ಆಡುವ ನನಗೆ ತಿಳಿಯಲಿಲ್ಲವೇ? ತಿಳಿದಿತ್ತು. ಬೇಕಿರಲಿಲ್ಲ.

ಬರ್ಮಾದ ಗುಡ್ಡದಲ್ಲಿ ನಾನು ನಕಾಶೆ ತಪ್ಪಾಗಿ ಓದಿ ಎಲ್ಲರನ್ನೂ ಬಲಕ್ಕೆ ಹೊರಡಿಸಿದ ಬೆಳಿಗ್ಗೆ. ಬಲಕ್ಕೆ ಶತ್ರುವಿನ ಮಷೀನ್‌ಗನ್ ಇತ್ತು. ನೀವು ವಾದಿಸಲಿಲ್ಲ. ಎಲ್ಲರಿಗೂ ಕೇಳುವಂತೆ, ಸಾಹೇಬರು ಹೇಳಿದಂತೆ ಎಡಕ್ಕೆ ನಡೆಯಿರಿ ಎಂದಿರಿ. ಮೂವತ್ತು ಜೀವ ಉಳಿದವು, ಜೊತೆಗೆ ನನ್ನ ಮಾನವೂ. ಆಮೇಲೆ ಸಿಪಾಯಿಗಳು ಚಹಾ ಕುಡಿಯುತ್ತ ನಗೆಯಾಡಿದರು: “ಸಾಹೇಬ್ರು ಬಲಕ್ಕ ಅಂದ್ರ ನಮ್ಮ ಹವಾಲ್ದಾರಗ ಎಡಕ್ಕ ಕೇಳ್ತೈತಿ.” ನಾನೂ ನಕ್ಕೆ. ನಿಮಗೆ ಮಾತ್ರ ಒಂದು ಒಳ್ಳೆಯ ಮಾತು ಆಡಲಿಲ್ಲ.

ನಡುವೆ ಸಿಕ್ಕ ರಜೆ ಮುಗಿದ ದಿನ ನೀವು ಹತ್ತಿಮತ್ತೂರಿಗೆ ಬಂದಿರಿ. ಬಂದದ್ದು ನನ್ನ ಟ್ರಂಕು ಹೊರಲು. ನಾನೇ ಬರಹೇಳಿದ್ದೆ. ಎದೆಯ ಮೇಲೆ ಪದಕ ಹಾಕಿಕೊಂಡು ಬಂದವರನ್ನು ನಮ್ಮಪ್ಪ ದನದ ಕೊಟ್ಟಿಗೆಯ ಬದಿಗೆ ಕೂರಿಸಿದ. ನಮ್ಮ ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯೇನಲೇ ಎಂದು ಕೇಳಿದ. ಅವರೇ ನಮ್ಮನ್ನು ನೋಡಿಕೊಳ್ಳುತ್ತಾರೆ ಎಂದಿರಿ ನೀವು. ಶಿಗ್ಗಾಂವಿಯಲ್ಲಿ ಮೋಟಾರಿಗೆ ಕಾಯುವಾಗ ಟ್ರಂಕು ಇಳಿಸಿ, ನೆಲ ನೋಡುತ್ತ ಕೇಳಿದಿರಿ:

“ಸಾಹೇಬ್ರ, ಹುಡುಗ್ರ ಮುಂದ ನನಗ ‘ರಿ’ ಹಚ್ಚಿ ಮಾತಾಡ್ರಿ. ನನ್ನ ದೊಡ್ಡಸ್ತಿಕಿ ಸಲುವಾಗಿ ಅಲ್ರಿ. ನೀವು ನನಗ ‘ಲೇ’ ಅಂದ ಗಳಿಗ್ಯಾಗ ನಾ ಅವ್ರಿಗೆ ಸಾಯಾಕ ನಡೀರಿ ಅನ್ನಬೇಕಾಗ್ತೈತಿ. ಅವ್ರು ಯಾಕ ಕೇಳಬೇಕ್ರಿ?”

“ರಿ ಹಚ್ಚಿದ್ರ ನಿನ್ನ ಮೂರು ಪಟ್ಟಿ ನಾಕ ಆಗ್ತಾವೇನಲೇ?” ಎಂದೆ ನಾನು. ನೀವು ನಕ್ಕಿರಿ. ಹುಟ್ಟಿದಾಗಿನಿಂದ ನಮ್ಮಂಥವರ ಮುಂದೆ ನಕ್ಕು ನಕ್ಕು ರೂಢಿಯಾದ ನಗು ಅದು.

ಆ ಹೊಳೆಯ ದಂಡೆಯ ಮುಂಜಾವು... ಅದನ್ನು ಬರೆಯದೆ ಈ ಕಾಗದಕ್ಕೆ ಅರ್ಥವಿಲ್ಲ. ಆಚೆ ಶತ್ರು ಇದ್ದಾನೋ ಇಲ್ಲವೋ ಒಬ್ಬರು ಹೋಗಿ ನೋಡಿಬರಬೇಕಿತ್ತು. ಒಬ್ಬರಾದರೆ ಹುಲ್ಲಿನ ಮರೆಯಲ್ಲಿ ಕಾಣದಂತೆ ದಾಟಬಹುದು. ಹಿಂದಿನ ದಿನವಷ್ಟೇ ಜ್ವರ ಬಂದ ನನ್ನನ್ನು ನೀವು ಎರಡು ಮೈಲಿ ಬೆನ್ನ ಮೇಲೆ ಹೊತ್ತು ತಂದಿದ್ದಿರಿ. ಋಣವೋ ನಾಚಿಕೆಯೋ, ನನ್ನ ನಾಲಿಗೆ ಮೊದಲ ಸಲ ಮಣಿಯಿತು. ನಿಮ್ಮ ಬೆನ್ನ ಹಿಂದೆ ಮೂವರು ಸಿಪಾಯಿಗಳು ಕುಳಿತಿದ್ದರು. ಅವರೆದುರು ಅಂದೆ:

“ಆಚಿ ದಂಡಿಗೆ ಹೋಗ್ರಿ.”

ನೀವು ಹಿಂದೆ ತಿರುಗಿ ನೋಡಿದಿರಿ. ಒಬ್ಬರಿಗೆ ಮರ್ಯಾದೆ ಕೊಟ್ಟರೂ ಹೋಗ್ರಿ, ನಾಲ್ಕು ಮಂದಿಯನ್ನು ಅಟ್ಟಿದರೂ ಹೋಗ್ರಿ. ನನ್ನ ಬಾಯಿಂದ ಬಂದ ‘ರಿ’ ನಿಮ್ಮೊಬ್ಬರಿಗೆ ಎಂದು ನೀವು ಹೇಗೆ ನಂಬಬೇಕು? ಮೂವರನ್ನೂ ಎಬ್ಬಿಸಿಕೊಂಡು ನೀರಿಗೆ ಇಳಿದಿರಿ. ನಾನು ನೋಡಿದೆ. ತಡೆಯಬಹುದಿತ್ತು. ಈಗಷ್ಟೇ ಮರ್ಯಾದೆ ಕೊಟ್ಟು ಈಗಲೇ ಎಲ್ಲರೆದುರು ತಪ್ಪು ಹಿಡಿಯಲೇ, ಅವರು ತಿಳಿದೇ ಕರೆದೊಯ್ಯುತ್ತಿರಬೇಕು ಎಂದು ಸುಮ್ಮನಾದೆ.

ನಾಲ್ಕು ತಲೆ ಕಂಡರೆ ಗುಂಡು ಬಾರದೆ ಇರುತ್ತದೆಯೇ? ಮೂವರೂ ಹೊಳೆಯಲ್ಲೇ ಹೋದರು. ಅವರಲ್ಲೊಬ್ಬ ನಿಮ್ಮೂರಿನ ಫಕೀರಪ್ಪ. ನಿಮ್ಮನ್ನು ಎಳೆದು ತಂದಾಗ ಹೊಟ್ಟೆಗೆ ಗುಂಡು ಹೊಕ್ಕಿತ್ತು. ನನ್ನ ಮುಖ ನೋಡಿ ನಿಮಗೆ ಏನೋ ಅನುಮಾನ ಬಂತು.

“ಹೋಗ್ರಿ ಅಂದ್ರೆಲ್ರಿ ಸಾಹೇಬ್ರ... ಎಲ್ಲಾರಿಗೂ ಅಂತ ತಿಳದೆ.”

ನಿಮ್ಮೊಬ್ಬರಿಗೇ ಅಂದದ್ದು ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ, ಆ ಮೂರು ಸಾವು ನಿಮ್ಮ ತಪ್ಪೆಂದು ತಿಳಿದು ಸಾಯುತ್ತಿದ್ದಿರಿ. ಹೇಳದಿದ್ದರೆ... ಹೇಳಲಿಲ್ಲ.

ವಿಚಾರಣೆಯಲ್ಲಿ ಎಷ್ಟು ಮಂದಿಗೆ ಹುಕುಂ ಕೊಟ್ಟೆ ಎಂದರು. ಒಬ್ಬನಿಗೆ ಎಂದೆ. ಸುಳ್ಳಲ್ಲ. ಅವರ ಇಂಗ್ಲಿಷಿನಲ್ಲಿ ಒಬ್ಬನಿಗೂ ನೂರು ಮಂದಿಗೂ, ಆಳಿಗೂ ಅರಸನಿಗೂ ಒಂದೇ ಮಾತು. ನಮ್ಮ ‘ರಿ’ಯ ಗೋಜಲು ಅವರಿಗೆ ತಿಳಿಸಬೇಕಿದ್ದರೆ, ನನಗಿಂತ ಎಷ್ಟೋ ಹಿರಿಯನಾದ ಈ ಮನುಷ್ಯನಿಗೆ ಅಲ್ಲಿಯವರೆಗೆ ಒಮ್ಮೆಯೂ ಮರ್ಯಾದೆ ಕೊಟ್ಟಿರಲಿಲ್ಲ ಎಂದು ಮೊದಲು ಒಪ್ಪಬೇಕಿತ್ತು. ಹೇಡಿ ನಾನು. ಒಪ್ಪಲಿಲ್ಲ. ಸಿಪಾಯಿಯೊಬ್ಬನಿಂದ ಆ ಬಲಕ್ಕೆ ಎಡಕ್ಕೆಯ ನಗೆಮಾತನ್ನೂ ಹೊರಡಿಸಿ, ಹುಕುಂ ತಿರುಚುವುದು ಹವಾಲ್ದಾರನ ಚಾಳಿ ಎಂದು ಬರೆದುಕೊಂಡರು. ಕೆಳಗೆ ನಾನು ಸಹಿ ಮಾಡಿದೆ.

ಈಗ ಯುದ್ಧ ಮುಗಿದು ಎರಡು ವರ್ಷ. ಬಿಳಿಯರು ಗಂಟು ಕಟ್ಟುತ್ತಿದ್ದಾರೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಸ್ವರಾಜ್ಯದ ಜೈಕಾರ. ನಮ್ಮ ವಾಡೆಯಲ್ಲಿ ಆಳುಗಳಿಗೆ ಈಗಲೂ ‘ಲೇ’. ಯಾರಿಗೆ ಬಂತು ಈ ಸ್ವರಾಜ್ಯ?

ಮೊನ್ನೆ ಮಾಸೂರಿಗೆ ಹೋದೆ. ಮರಳಿ ಬಂದ ಸಿಪಾಯಿಗಳು ವಿಚಾರಣೆಯ ಸುದ್ದಿ ಊರಿಗೆ ತಂದಿದ್ದಾರೆ. ನಿಮ್ಮ ಹೆಂಡತಿ ದುರಗವ್ವನವರೊಡನೆ ಕೇರಿಯಲ್ಲಿ ಯಾರೂ ಮಾತಾಡುವುದಿಲ್ಲ. ನೀವು ಹುಕುಂ ಇಲ್ಲದೆ ಮಗನನ್ನು ಒಯ್ದು ಕೊಂದಿರೆಂದು ಫಕೀರಪ್ಪನ ತಾಯಿ ನಿಮ್ಮ ಮನೆಯ ಮೇಲೆ ಮಣ್ಣು ತೂರಿದ್ದಾರೆ. ಇಬ್ಬರನ್ನೂ ಒಂದೆಡೆ ಕೂರಿಸಿ ಎಲ್ಲ ಹೇಳಿದೆ. ದುರಗವ್ವನವರು ಅಳಲಿಲ್ಲ. ಒಂದೇ ಕೇಳಿದರು:

“ಅವ್ರೊಬ್ರಿಗೇ ಅಂದಿದ್ರಿ ಅಂತ ಅವ್ರಿಗೆ ಗೊತ್ತಾತೇನ್ರಿ?”

ಇಲ್ಲ ಎಂದೆ. ಅವರು ಸೆರಗಿನ ಅಂಚನ್ನು ಹೊಸೆಯುತ್ತ ಕುಳಿತರು. ಫಕೀರಪ್ಪನ ತಾಯಿ ಎದ್ದು ನಿಂತರು.

“ನಾ ಮಣ್ಣು ತೂರಿದ್ದು ನಟ್ಟ ನಡು ಬೀದ್ಯಾಗ, ಎಲ್ಲಾರ ಮುಂದ. ನೀ ಹಿಂಗ ಮನ್ಯಾಗ ಕುಂತು ಪಿಸುಗುಟ್ಟಿದ್ರ ಹೆಂಗ? ಚಾವಡಿ ಮುಂದ ನಿಂತು ಹೇಳು. ನಿನಗ ‘ಲೇ’ ಕಲಿಸಿದ ನಿಮ್ಮಪ್ಪನ್ನೂ ಕರಕೊಂಡು ಬಾ.”

ಕೇರಿಯವರು ಯಾರೂ ಅದುವರೆಗೆ ನನಗೆ ‘ನೀ’ ಅಂದಿರಲಿಲ್ಲ. ಆ ತಾಯಿಯ ಬಾಯಲ್ಲಿ ಅದು ತಕ್ಕ ಮಾತಾಗಿತ್ತು.

ಅಪ್ಪ ಬರುವುದಿಲ್ಲ. ಕೇಳಿದ್ದಕ್ಕೇ ವಾಡೆಯ ಬಾಗಿಲು ನನಗೆ ಮುಚ್ಚಿದೆ. ನಾನು ಸೋಮವಾರ ಹೋಗುತ್ತೇನೆ. ಮಾಸೂರಿನ ಚಾವಡಿ ಮುಂದೆ, ಗೌಡರು ಕುಳಿತಿರುವಾಗಲೇ, ಆ ಮೂವರನ್ನು ಕೊಂದದ್ದು ಹವಾಲ್ದಾರರ ಕಿವಿಯಲ್ಲ, ನನ್ನ ಬಾಯಿ ಎಂದು ಹೇಳುತ್ತೇನೆ. ತಾವೂ ಬಂದು ನನ್ನ ಪಕ್ಕ ನಿಲ್ಲುವುದಾಗಿ ಅಂದರು ದುರಗವ್ವನವರು. ಬೇಡ ಎಂದೆ. ಅವರು ನನ್ನೆದುರು, ಫಕೀರಪ್ಪನ ತಾಯಿಯ ಪಕ್ಕ ನಿಲ್ಲಲಿ.